ಶಟರ್ ಸ್ಪ್ರಿಂಗಿನ ಬಗ್ಗೆ ದೊಡ್ಡಮ್ಮನ ಉತ್ತರ

ಮಗಳೇ, ಬೆಳಿಗ್ಗೆ ನೀನು ನಮ್ಮ ಮನೆಯವರ ಮೊಬೈಲ್ ಗುಂಪಿನಲ್ಲಿ ಹಾಕಿದ್ದನ್ನು ಈಗಷ್ಟೇ ಓದಿಸಿಕೊಂಡೆ. ನಿನ್ನೆ ರಾತ್ರಿ ಕಾರ್ ಶೆಡ್ಡಿನ ಕಡೆಯಿಂದ ಢಮಾರೆಂದು ಸದ್ದು ಬಂತೆಂದೂ, ಪಕ್ಕದ ತೋಟದವರು ಆನೆ ಓಡಿಸಲು ಪಟಾಕಿ ಹೊಡೆದಿರಬೇಕೆಂದು ಮಲಗಿಬಿಟ್ಟಿರೆಂದೂ, ಬೆಳಿಗ್ಗೆ ನೋಡಿದರೆ ಶಟರ್ ಮೊಣಕಾಲೆತ್ತರಕ್ಕಿಂತ ಮೇಲೆ ಏಳುತ್ತಿಲ್ಲವೆಂದೂ ಬರೆದಿದ್ದೀಯೆ. ನಿನ್ನ ಗಂಡ ಅದಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ, ಅಡಿಯಲ್ಲಿ ನುಸುಳಿ, ಒಳಗೆ ಏಣಿ ಹಾಕಿಕೊಂಡು, ಮೊಬೈಲಿನಲ್ಲಿ ವಿಡಿಯೊ ನೋಡಿ ತುಂಡಾದ ಸ್ಪ್ರಿಂಗನ್ನು ತಾನೇ ಬದಲಾಯಿಸುತ್ತೇನೆಂದು ಹೊರಟಿದ್ದಾನೆ, ಏಣಿ ಹಿಡಿಯಲು ನಿನ್ನನ್ನು ಕರೆಯುತ್ತಿದ್ದಾನೆ, ಹೋಗಲೇ ಬೇಡವೇ ಎಂದು ಕೇಳಿದ್ದೀಯೆ. ಸೋಮವಾರ ನಿನ್ನ ಅತ್ತೆಯನ್ನು ಮಡಿಕೇರಿಯ ಆಸ್ಪತ್ರೆಗೆ ಕರೆದೊಯ್ಯಬೇಕು, ಕಾರು ಒಳಗೆ ಸಿಕ್ಕಿಕೊಂಡಿದೆ ಎಂಬುದನ್ನೂ ಓದಿದೆ. ಇಷ್ಟುದ್ದ ಒತ್ತಲು ನನ್ನ ಬಲಗೈಗೆ ಆಗುವುದಿಲ್ಲ. ಆದ್ದರಿಂದ ನಾನು ಹೇಳುತ್ತಿದ್ದೇನೆ, ಮೊಮ್ಮಗಳು ಬರೆಯುತ್ತಿದ್ದಾಳೆ. ಆ ಕೈಗೆ ಏಕೆ ಆಗುವುದಿಲ್ಲ ಎಂಬುದರಲ್ಲೇ ನಿನ್ನ ಪ್ರಶ್ನೆಗೆ ಉತ್ತರವಿದೆ.

ಮೊದಲು ಅವನನ್ನು ಹೊರಗೆ ಬರಹೇಳು. ಶಟರಿನ ಮೇಲ್ಗಡೆ ಸ್ಪ್ರಿಂಗ್ ಕೂತ ಪೈಪನ್ನು ಹಿಡಿದಿರುವ ಯು ಆಕಾರದ ಕಬ್ಬಿಣದ ಪಟ್ಟಿ, ಅಂದರೆ ಯು ಕ್ಲ್ಯಾಂಪಿನ ನಟ್ಟಿಗೆ ಅವನು ಸ್ಪ್ಯಾನರ್ ಹಾಕಬಾರದು, ನೀನು ಏಣಿ ಹಿಡಿಯಲು ಹೋಗಬಾರದು.

ನಾಪೋಕ್ಲಿನ ನಮ್ಮ ಶೆಡ್ಡನ್ನು ನೀವೆಲ್ಲರೂ ನೋಡಿದ್ದೀರಿ, ವರ್ಣಿಸುವ ಅಗತ್ಯವಿಲ್ಲ. ಒಳಗೆ ಬಲಗಡೆಯ ಗೋಡೆಯಲ್ಲಿ ಗಾರೆ ಕಿತ್ತುಹೋಗಿ ಬಟ್ಟಲಿನಷ್ಟು ಗುಂಡಿ ಬಿದ್ದಿರುವುದನ್ನೂ ನೋಡಿರುತ್ತೀರಿ. ಸುಣ್ಣ ಬಳಿಯಲು ಬಂದವರಿಗೆಲ್ಲ ಅದನ್ನು ಮುಚ್ಚಬೇಡಿ ಎಂದು ನಾನೇ ಹೇಳುತ್ತ ಬಂದಿದ್ದೇನೆ. ಅದು 1991ರ ಮೇ ತಿಂಗಳಿನ ಗುಂಡಿ. ಹಿಂದಿನ ಮಳೆಗಾಲದ ತುಕ್ಕಿನಿಂದಲೋ ಏನೋ, ಶಟರ್ ಎತ್ತುವುದು ತೀರ ಭಾರವಾಗಿತ್ತು. ಸ್ಪ್ರಿಂಗಿಗೆ ಇನ್ನೆರಡು ಸುತ್ತು ಬಿಗಿ ಕೊಟ್ಟರೆ ಹಗುರಾಗುತ್ತದೆ ಎಂದು ನಮ್ಮ ಮನೆಯವರು, ನಿಮ್ಮ ದೊಡ್ಡಪ್ಪನವರು, ತೀರ್ಮಾನಿಸಿದರು. ಜೀಪಿನ ಎಂಜಿನ್ ಇಳಿಸಿ ತಾವೇ ಕೂರಿಸಿದ್ದ ಮನುಷ್ಯ, ಶಟರ್ ಯಾವ ಲೆಕ್ಕ ಎಂಬುದು ಅವರ ಧೈರ್ಯ. ನಾನು ಪಾಠ ಮಾಡುತ್ತಿದ್ದ ಶಾಲೆಗೆ ರಜೆಯಾದ್ದರಿಂದ ಮನೆಯಲ್ಲಿದ್ದೆ. ಏಣಿ ಹಿಡಿದುಕೊಳ್ಳಲು ಕರೆದರು, ಹೋದೆ.

ಕೆಳಗೆ ಇಳಿಸಿಬಿಟ್ಟರೆ ತಲೆಯ ಮೇಲೆ ಬೀಳುವ ಭಯವಿಲ್ಲ ಎಂದು ಅವರು ಒಳಗಿನಿಂದ ಶಟರನ್ನು ನೆಲದವರೆಗೆ ಎಳೆದರು. ತಪ್ಪು ಆರಂಭವಾದದ್ದು ಅಲ್ಲಿಯೇ. ಶಟರ್ ಮೇಲೆ ಸುತ್ತಿಕೊಂಡಿರುವಾಗ ಸ್ಪ್ರಿಂಗಿನ ಬಿಗಿ ಕಡಿಮೆ, ಕೆಳಗೆ ಇಳಿದಷ್ಟೂ ಹೆಚ್ಚು; ನೆಲ ಮುಟ್ಟಿದಾಗ ಅದು ಪೂರ್ತಿ ತಿರುಚಿಕೊಂಡಿರುತ್ತದೆ. 8 ಅಡಿ ಅಗಲ, 8 ಅಡಿ ಎತ್ತರದ ಕಬ್ಬಿಣದ ಪಟ್ಟಿಗಳ ಶಟರ್ ಎಂದರೆ 70-80 ಕಿಲೊ ಭಾರ. ಅದನ್ನು ಒಂದು ಕೈಯಲ್ಲಿ ನೂಕಿದರೆ ಮೇಲಕ್ಕೆ ಹೋಗುತ್ತದೆ ಎಂದರೆ, ಉಳಿದ ಭಾರವನ್ನೆಲ್ಲ ಆ ಸುರುಳಿ ಹೊತ್ತುಕೊಂಡಿದೆ ಎಂದೇ ಅರ್ಥ. ಸ್ಪ್ರಿಂಗಿನ ಒಂದು ತುದಿ ಮಧ್ಯದ ಪೈಪಿಗೆ ಕಟ್ಟಿರುತ್ತದೆ, ಇನ್ನೊಂದು ತುದಿ ಶಟರನ್ನು ಸುತ್ತಿಕೊಳ್ಳುವ ಚಕ್ರಕ್ಕೆ. ಪೈಪು ತಿರುಗದ ಹಾಗೆ ಎರಡೂ ಕಡೆಯ ಬ್ರ್ಯಾಕೆಟ್ಟಿಗೆ ಬಿಗಿದು ಹಿಡಿದಿರುವುದು ಆ ಯು ಕ್ಲ್ಯಾಂಪು ಮಾತ್ರ.

ದೊಡ್ಡಪ್ಪನವರು ಉದ್ದ ಹಿಡಿಯ ಪೈಪ್ ರೆಂಚನ್ನು ಪೈಪಿಗೆ ಕಚ್ಚಿಸಿ, ಎಡಗೈಯಲ್ಲಿ ಅದನ್ನು ಅದುಮಿ ಹಿಡಿದು, ಬಲಗೈಯಿಂದ ನಟ್ಟುಗಳನ್ನು ಸಡಿಲಿಸುತ್ತ ಹೋದರು. ಆಚೆ ಬದಿಯ ಕ್ಲ್ಯಾಂಪು ಆಗಲೇ ಸಡಿಲವಾಗಿತ್ತು. ಈಚೆಯ ಕೊನೆಯ ನಟ್ಟು ತಿರುಗುವಾಗ ಕೆಂಪು ತುಕ್ಕಿನ ಪುಡಿ ಸಣ್ಣಗೆ ನನ್ನ ಮಣಿಕಟ್ಟಿನ ಮೇಲೆ ಉದುರಿತು. ಅದನ್ನು ಊದಿಕೊಳ್ಳಲು ತಲೆ ಬಗ್ಗಿಸಿದೆ; ಆದ್ದರಿಂದಲೇ ತಲೆ ಉಳಿಯಿತು. ಪೈಪು ಗರ್ರನೆ ತಿರುಗಿತು, ರೆಂಚು ಅವರ ಕೈಯಿಂದ ಕಿತ್ತುಕೊಂಡು ಪೈಪಿನ ಜೊತೆಗೇ ಸುತ್ತಿ, ಎರಡನೆಯ ಸುತ್ತಿಗೋ ಮೂರನೆಯ ಸುತ್ತಿಗೋ ಕಚ್ಚು ಬಿಟ್ಟು ಕೆಳಕ್ಕೆ ಹಾರಿ, ಏಣಿ ಹಿಡಿದಿದ್ದ ನನ್ನ ಬಲಗೈಗೆ ಬಡಿದು, ಅಲ್ಲಿಂದ ಗೋಡೆಗೆ ಹೋಯಿತು. ಅವರು ಏಣಿಯಿಂದ ಜಾರಿ ಜೀಪಿನ ಬಾನೆಟ್ಟಿನ ಮೇಲೆ ಕುರ್ಚಿಯಲ್ಲಿ ಕುಳಿತಂತೆ ಕುಳಿತುಬಿಟ್ಟರು. ಅವರಿಗೆ ಒಂದು ಗೀರೂ ಆಗಿರಲಿಲ್ಲ. ನನ್ನ ಮುಂಗೈಯ ಎರಡೂ ಮೂಳೆಗಳು ಮುರಿದಿದ್ದವು.

ಅಷ್ಟಕ್ಕೇ ಮುಗಿಯಲಿಲ್ಲ. ಬಿಗಿಯೆಲ್ಲ ಹೋದ ಮೇಲೆ ಶಟರ್ ಬರೀ ಭಾರವಾಗಿ ನೆಲಕ್ಕೆ ಕೂತಿತು, ಒಳಗಿದ್ದ ನಾವಿಬ್ಬರೂ ಅಲ್ಲಿಯೇ ಉಳಿದೆವು. ಆಗ ಆ ಶೆಡ್ಡಿಗೆ ಬೇರೆ ಬಾಗಿಲಿರಲಿಲ್ಲ. ದೊಡ್ಡಪ್ಪನವರು ಶಟರಿಗೆ ಬಡಿಯುತ್ತ ಕೂಗಿದರು; ಕಡೆಗೆ ಕೆಳಗಿನ ಕೆಲಸದವರ ಲೈನ್ ಮನೆಯಿಂದ ತೋಟದ ಲೆಕ್ಕ ಬರೆಯುವ ರೈಟರೂ ಮೂವರು ಕೆಲಸದವರೂ ಓಡಿ ಬಂದು, ಹಾರೆ ಹಾಕಿ ಮೀಟಿ, ಒಂದೊಂದೇ ಕಲ್ಲು ಕೊಟ್ಟು ಅಂಗುಲ ಅಂಗುಲವಾಗಿ ಎತ್ತಿ ನಮ್ಮನ್ನು ಹೊರಗೆಳೆಯುವಾಗ ಮುಕ್ಕಾಲು ಗಂಟೆ ಕಳೆದಿತ್ತು. ಜೂನ್‌ನಲ್ಲಿ ಶಾಲೆ ತೆರೆದಾಗ ಕೈ ಇನ್ನೂ ಪ್ಲಾಸ್ಟರಿನಲ್ಲಿತ್ತು. ಎಡಗೈಯಲ್ಲಿ ಕಪ್ಪುಹಲಗೆಯ ಮೇಲೆ ಬರೆದೆ. ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ವ್ಯತ್ಯಾಸ ಕಾಣದ ಅಕ್ಷರ ನೋಡಿ ಏಳನೆಯ ತರಗತಿಯ ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದವು.

ನಿನ್ನ ಗಂಡ ಈಗ ಹೇಳುವುದೇನೆಂದು ನಾನು ಬಲ್ಲೆ. ಸ್ಪ್ರಿಂಗ್ ಹೇಗೂ ತುಂಡಾಗಿದೆಯಲ್ಲ, ಇನ್ನು ಬಿಗಿ ಎಲ್ಲಿಂದ ಬರಬೇಕು ಎನ್ನುತ್ತಾನೆ. ನಿಮ್ಮ ಶಟರಿನಲ್ಲಿ ಇರುವುದು ಎರಡು ಸ್ಪ್ರಿಂಗು. ಒಂದು ತುಂಡಾಗಿದೆ, ಇನ್ನೊಂದು ತುಂಡಾಗಿಲ್ಲ. ಮೊಣಕಾಲೆತ್ತರಕ್ಕಾದರೂ ಅದು ಎದ್ದಿತು ಎಂದರೆ ಎರಡನೆಯದು ಇನ್ನೂ ಎಳೆಯುತ್ತಿದೆ ಎಂದೇ ತಿಳಿಯಬೇಕು. ತುಂಡಾದದ್ದು ಹಾವು ಬಿಟ್ಟುಹೋದ ಪೊರೆ. ಹಾವು ಪಕ್ಕದಲ್ಲಿಯೇ ಸುರುಳಿ ಸುತ್ತಿಕೊಂಡಿದೆ.

ಆ ವಿಡಿಯೊವನ್ನೂ ಮೊಮ್ಮಗಳಿಂದ ಹಾಕಿಸಿ ನೋಡಿದೆ. ಅದು ಅಮೆರಿಕದ ಕಡೆಯ ಗ್ಯಾರೇಜಿನ ಬಾಗಿಲು. ಹಲಗೆ ಹಲಗೆಯಾಗಿ ಮಡಚಿಕೊಂಡು ಛಾವಣಿಯ ಅಡಿಗೆ ಸರಿಯುವಂಥದ್ದು, ಸ್ಪ್ರಿಂಗು ಬಾಗಿಲಿನ ಮೇಲ್ಗಡೆ ಕಣ್ಣಿಗೆ ಕಾಣುವಂತೆ ಸರಳಿನ ಮೇಲೆ ಕೂತಿರುತ್ತದೆ. ಎರಡು ಉಕ್ಕಿನ ಸಲಾಕೆಗಳನ್ನು ಒಂದಾದ ಮೇಲೊಂದು ತೂತಿಗೆ ತೂರಿಸಿ, ಒಂದು ಸಲಕ್ಕೆ ಕಾಲು ಸುತ್ತಿನಂತೆ, 7 ಅಡಿಯ ಬಾಗಿಲಿಗೆ ಸುಮಾರು ಏಳೂವರೆ ಸುತ್ತು, ಅಂದರೆ 30 ಸಲ ತಿರುಗಿಸುತ್ತಾರೆ. ಸಲಾಕೆ ಒಮ್ಮೆ ಜಾರಿದರೆ ಮುಖಕ್ಕೇ ಬರುತ್ತದೆ, ಅದಕ್ಕೇ ಆ ಮನುಷ್ಯ ಕನ್ನಡಕ ಹಾಕಿಕೊಂಡು ಒಂದು ಬದಿಗೆ ಸರಿದು ನಿಂತಿದ್ದಾನೆ. ನಮ್ಮ ರೋಲಿಂಗ್ ಶಟರಿನಲ್ಲಿ ಆ ತೂತೂ ಇಲ್ಲ, ಸಲಾಕೆಗೆ ಜಾಗವೂ ಇಲ್ಲ, ಸ್ಪ್ರಿಂಗು ಸುರುಳಿಯ ಒಳಗೆ ಅಡಗಿರುತ್ತದೆ. ಅವರ ಬಾಗಿಲಿನ ವಿದ್ಯೆಯನ್ನು ನಮ್ಮ ಶಟರಿಗೆ ತರುವುದು, ರೊಬಸ್ಟಾ ಕಾಫಿ ಗಿಡಕ್ಕೆ ಅರೇಬಿಕಾದ ರೆಂಬೆ ಸವರುವ ಲೆಕ್ಕ ಹಿಡಿದ ಹಾಗೆ.

ಅಂದಿನ ಘಟನೆಯಲ್ಲಿ ನನಗೆ ಕೈಗಿಂತ ಹೆಚ್ಚು ನೋವಾದದ್ದು ಆಮೇಲಿನ ಮಾತು. ಆಸ್ಪತ್ರೆಯಿಂದ ಬಂದ ದಿನ ಮನೆಯ ತುಂಬ ಜನ. ಎಲ್ಲರೂ ದೊಡ್ಡಪ್ಪನವರಿಗೆ ದೇವರು ದೊಡ್ಡವನು, ಸ್ವಲ್ಪದರಲ್ಲಿ ಪಾರಾದಿರಿ ಎಂದರು. ನನಗೆ, ಏಣಿ ಹಿಡಿದವಳು ಸ್ವಲ್ಪ ಆಚೆ ನಿಲ್ಲಬಾರದಿತ್ತೇ ಎಂದರು. ಆಚೆ ನಿಂತು ಏಣಿ ಹಿಡಿಯುವುದು ಹೇಗೆ ಎಂದು ಇವತ್ತಿನವರೆಗೆ ಯಾರೂ ಹೇಳಿಕೊಟ್ಟಿಲ್ಲ. ನಾನೇ ಹಟ ಹಿಡಿದು ನಮ್ಮ ಶೆಡ್ಡಿಗೆ ಪಕ್ಕದಲ್ಲಿ ಒಂದು ಸಣ್ಣ ಬಾಗಿಲು ಒಡೆಸಿದೆ. 2009ರಲ್ಲಿ ಮೂರ್ನಾಡಿನ ನಿಮ್ಮ ಶೆಡ್ಡು ಕಟ್ಟುವಾಗ ಅದೇ ಮಾತನ್ನು ಹೇಳಿದೆ. ಪಕ್ಕಬಾಗಿಲು ಇಡಿ, ಶಟರಿನ ಪಟ್ಟಿಯ ದಪ್ಪ 18 ಗೇಜೇ ಇರಲಿ, 20 ಗೇಜಿನ ತಗಡು ತೆಳು ಎಂದೆ. ನಿನ್ನ ಮಾವನವರೂ ಅವರ ಅಣ್ಣಂದಿರೂ ನಕ್ಕರು. ಅತ್ತಿಗೆಗೆ ಶಟರ್ ಎಂದರೆ ಗುಮ್ಮ ಎಂದರು. ಕಂಟ್ರಾಕ್ಟರನ ಮಾತು ಕೇಳಿ 20 ಗೇಜು ಹಾಕಿಸಿ, ಬಾಗಿಲಿನ ಖರ್ಚೂ ಉಳಿಯಿತೆಂದು ಎಣಿಸಿಕೊಂಡರು. ನಾಲ್ಕು ವರ್ಷಕ್ಕೆ ಕಾಳುಮೆಣಸಿನ ಚೀಲ ಕಳುವಾಯಿತು. ಆಗ ಶಟರಿನ ತಳಪಟ್ಟಿಗೆ ದಪ್ಪ ಕಬ್ಬಿಣದ ಆಂಗಲ್ ಪಟ್ಟಿ ಬೆಸೆಸಿ, ಇನ್ನೆರಡು ಬೀಗದ ಕೊಂಡಿ ಹಾಕಿಸಿದಿರಿ. ಭಾರ ಹೆಚ್ಚಾಯಿತು, ಸ್ಪ್ರಿಂಗು ಮಾತ್ರ ಅದೇ. ಸ್ಪ್ರಿಂಗನ್ನು ಶಟರಿನ ತೂಕ ನೋಡಿ ಹೊಂದಿಸುತ್ತಾರೆ ಎಂಬುದನ್ನು ಅಂದು ಯಾರೂ ಕೇಳಲೇ ಇಲ್ಲ. ಇನ್ನು ಎಣ್ಣೆಯ ಮಾತಂತೂ ಬೇಡ. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಗೋಡೆಯೇ ಬೆವರುವ ಊರು ನಮ್ಮದು. ಆಯುಧ ಪೂಜಿಸುವ ಕೈಲ್ ಮುಹೂರ್ತದ ಹಬ್ಬ ಬಂತೆಂದರೆ ಕೋವಿಯ ನಳಿಗೆಯನ್ನು ಕನ್ನಡಿಯಂತೆ ಉಜ್ಜಿ ಎಣ್ಣೆ ಹಚ್ಚುವ ಗಂಡಸರು, ದಿನಕ್ಕೆ ನಾಲ್ಕು ಸಲ ತಲೆಯ ಮೇಲೆ ಓಡಾಡುವ ಶಟರಿಗೆ ಹದಿನಾರು ವರ್ಷದಲ್ಲಿ ಒಂದು ತೊಟ್ಟು ಬಿಟ್ಟಿರಲಾರರು. ಇದನ್ನು ಗುಂಪಿನಲ್ಲಿರುವ ಹಿರಿಯರೂ ಓದಲಿ ಎಂದೇ ಬರೆಸುತ್ತಿದ್ದೇನೆ.

ಮೊಮ್ಮಗಳು, ‘ಅಜ್ಜಿ, ಅವರು ಕೇಳಿದ್ದು ಸೋಮವಾರದ ವಿಷಯ’ ಎನ್ನುತ್ತಿದ್ದಾಳೆ. ಹೌದು, ಅದನ್ನು ಹೇಳಲು ಮರೆತೆ.

ಶಟರಿನ ಕೆಳಗೆ ಕೊಟ್ಟ ಕಲ್ಲನ್ನು ಎಳೆದು ತೆಗೆಯಲು ಹೋಗಬೇಡಿ, ಇನ್ನೂ ಮೇಲೆ ಎತ್ತಲೂ ಹೋಗಬೇಡಿ. ಅದು ಇದ್ದ ಹಾಗೆಯೇ ಇರಲಿ. ನಿಮ್ಮ ನಾಯಿ ಮಲಗುವುದು ಆ ಶೆಡ್ಡಿನಲ್ಲಿ ಅಲ್ಲವೇ, ಅದನ್ನು ಅಂಗಳದ ಈಚೆ ಕಟ್ಟಿ, ಮಕ್ಕಳು ಹೋಗದಂತೆ ಶಟರಿನ ಮುಂದೆ ಒಂದು ಹಗ್ಗ ಅಡ್ಡ ಕಟ್ಟು. ಏಣಿ ಒಳಗೆ ಉಳಿದರೆ ಉಳಿಯಲಿ, ಅದಕ್ಕಾಗಿ ಯಾರೂ ಮತ್ತೆ ನುಸುಳಬಾರದು. ಗೋಣಿಕೊಪ್ಪಲಿನಲ್ಲಿ ಶಟರ್ ಕೆಲಸವನ್ನೇ ಮಾಡುವವರಿದ್ದಾರೆ, ನಂಬರನ್ನು ನಿನಗೆ ಬೇರೆಯಾಗಿ ಕಳುಹಿಸುತ್ತೇನೆ. ಗೇಟು ಬೆಸೆಯುವ ವೆಲ್ಡಿಂಗಿನವರನ್ನು ಕರೆಯಬೇಡಿ. ತುಂಡಾದ ಸ್ಪ್ರಿಂಗನ್ನು ಬೆಸೆದು ಕೊಡುತ್ತೇನೆಂದು ಯಾರಾದರೂ ಅಂದರೆ ಬಾಗಿಲಿನಿಂದಲೇ ಕಳುಹಿಸಿಬಿಡಿ. ಬೆಂಕಿ ತಾಗಿದ ಸ್ಪ್ರಿಂಗು ಹದ ಕಳೆದುಕೊಂಡು ಅದೇ ಜಾಗದಲ್ಲಿ ಮತ್ತೆ ಮುರಿಯುತ್ತದೆ. ಫೋನಿನಲ್ಲಿ ಮಾತನಾಡುವಾಗಲೇ ಅಗಲ, ಎತ್ತರ, ಪಟ್ಟಿಯ ಗೇಜು ಹೇಳಿ, ತಳಕ್ಕೆ ಆಂಗಲ್ ಬೆಸೆಸಿದ್ದನ್ನು ತಪ್ಪದೆ ಹೇಳಬೇಕು. ಒಂದೇ ಹಾಕಿಸಿದರೆ ಸಾಕು ಎಂದು ಉಳಿಸಲು ಹೋಗಬೇಡಿ, ಎರಡು ಸ್ಪ್ರಿಂಗನ್ನೂ ಒಟ್ಟಿಗೆ ಬದಲಾಯಿಸಿ. ಹಳೆಯದೂ ಅಷ್ಟೇ ಮಳೆ, ಅಷ್ಟೇ ಸುತ್ತು ಕಂಡಿದೆ. ತುಂಡನ್ನು ಗುಜರಿಗೆ ಹಾಕಬೇಡಿ, ತಂತಿಯ ದಪ್ಪ ಅಳೆಯಲು ಅವರಿಗೆ ಅದು ಬೇಕಾಗುತ್ತದೆ.

ಅವನಿಗೆ ಕೈ ಸುಮ್ಮನಿರುವುದಿಲ್ಲ ಎಂದಾದರೆ, ಹೊಸ ಸ್ಪ್ರಿಂಗು ಕೂತ ಮೇಲೆ ಶಟರ್ ಜಾರುವ ಎರಡು ಬದಿಯ ಚಾನಲ್ಲಿನ ಮಣ್ಣು, ಜೇಡನ ಗೂಡು ಕೆರೆದು ತೆಗೆದು ತೆಳ್ಳಗೆ ಗ್ರೀಸ್ ಹಚ್ಚಲಿ, ಬೀಗಕ್ಕೆ ಎಣ್ಣೆ ಬಿಡಲಿ, ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ. ಶಟರ್ ಒಂದು ಬದಿ ಮೇಲೆ, ಒಂದು ಬದಿ ಕೆಳಗೆ ಎಂದು ಓರೆಯಾಗಿ ಏಳತೊಡಗಿದರೆ, ಅಥವಾ ಎದೆಯೆತ್ತರದಲ್ಲಿ ಕೈ ಬಿಟ್ಟಾಗ ದಡಕ್ಕನೆ ಇಳಿದರೆ, ಆಗಲೇ ಫೋನ್ ಮಾಡಲಿ. ಅವನ ಕೆಲಸ ಅಲ್ಲಿಗೆ ಮುಗಿಯಿತು. ಎರಡನೆಯ ಸಲ ಹೇಳುತ್ತಿದ್ದೇನೆ, ಅವನಿಗೆ ಓದಿ ಹೇಳು: ಪೈಪನ್ನು ಹಿಡಿದಿರುವ ಯು ಕ್ಲ್ಯಾಂಪಿನ ನಟ್ಟಿಗೆ ಸ್ಪ್ಯಾನರ್ ಹಾಕಬಾರದು, ನಿನ್ನನ್ನು ಏಣಿ ಹಿಡಿಯಲು ಕರೆಯಬಾರದು.

ಕುಶಾಲನಗರದ ಭಾವನವರ ಮನೆಯದು ಮೋಟಾರಿನ ಶಟರ್. ಅವರು ಅದಕ್ಕೆ ಏನಾದರೂ ಆದಾಗ ಮೊದಲು ಮೇನ್ ಸ್ವಿಚ್ ಆರಿಸಲಿ. ಉಳಿದದ್ದು ಅವರಿಗೂ ಇದೇ.

ಸೋಮವಾರ ಕಾರನ್ನು ಹೊರಗೆ ತರುವ ಯೋಚನೆಯನ್ನು ಬಿಟ್ಟುಬಿಡಿ. ನಮ್ಮ ಜೀಪು ಖಾಲಿ ಇದೆ, ಡ್ರೈವರಿಗೆ ಹೇಳಿದ್ದೇನೆ, ಏಳೂವರೆಗೆ ನಿಮ್ಮ ಗೇಟಿನ ಹತ್ತಿರ ಬರುತ್ತಾನೆ. ನಿನ್ನ ಅತ್ತೆಗೆ ಜೀಪು ಹತ್ತಲು ಮೆಟ್ಟಿಲು ಎತ್ತರವಾಗುತ್ತದೆ, ಅಡುಗೆಮನೆಯ ಗಿಡ್ಡ ಸ್ಟೂಲನ್ನು ಜೊತೆಗಿಟ್ಟುಕೊಳ್ಳಿ. ಅವನು ಏಣಿಯಿಂದ ಇಳಿದು ಹೊರಗೆ ಬಂದ ಕೂಡಲೇ ಗುಂಪಿನಲ್ಲಿ ಒಂದು ಮಾತು ಹಾಕು, ಅಲ್ಲಿಯವರೆಗೆ ನಾನು ಫೋನನ್ನು ಕೆಳಗಿಡುವುದಿಲ್ಲ.