ಇಂಗಾಲದ ಪದರ ಹಾಕಿದರೂ ಟಂಗ್‌ಸ್ಟನ್ ಆಕ್ಸೈಡ್ ಗಾಜಿನ ನೀಲಿ ಪೂರ್ತಿ ಇಳಿಯುತ್ತಿಲ್ಲ

ನೀಲಿಗಾಜು: ಮೂರು ವಾರಗಳಿಂದ ಹೆಣಗಿ ಸಾಕಾಗಿದೆ. ವಿದ್ಯುತ್ ಕೊಟ್ಟರೆ ನೀಲಿಯಾಗಿ, ದಿಕ್ಕು ಬದಲಿಸಿದರೆ ಮತ್ತೆ ತಿಳಿಯಾಗುವ ಗಾಜು ಮಾಡುತ್ತಿದ್ದೇನೆ. ಐಟಿಓ ಗಾಜಿನ (ವಿದ್ಯುತ್ ಹರಿಸುವ ಪಾರದರ್ಶಕ ಲೇಪನವಿರುವ ಗಾಜು) ಮೇಲೆ ತೆಳುವಾದ ಇಂಗಾಲ, ಅದರ ಮೇಲೆ ಟಂಗ್‌ಸ್ಟನ್ ಆಕ್ಸೈಡ್, ಅಯಾನು ಒದಗಿಸುವ ದ್ರಾವಣವಾಗಿ ಪ್ರೊಪಿಲೀನ್ ಕಾರ್ಬೊನೇಟ್ ಎಂಬ ದ್ರಾವಕದಲ್ಲಿ ಕರಗಿಸಿದ ಲಿಥಿಯಂ ಪರ್‌ಕ್ಲೋರೇಟ್ ಲವಣ. ಇಂಗಾಲವಿದ್ದರೆ ಎಲೆಕ್ಟ್ರಾನುಗಳು ಸಲೀಸಾಗಿ ಹರಿದು ಬಣ್ಣ ಬೇಗ ಬದಲಾಗುತ್ತದೆಂದು ನಂಬಿದ್ದೆ. ಆದರೆ ಇಂಗಾಲವಿಲ್ಲದ ಗಾಜಿಗೂ ಇದಕ್ಕೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಇನ್ನೂರು ಸಲ ಬಣ್ಣ ಏರಿಸಿ ಇಳಿಸುವಷ್ಟರಲ್ಲಿ ಎರಡರಲ್ಲೂ ನೀಲಿ ಉಳಿದುಬಿಡುತ್ತದೆ. ತಯಾರಿಯಲ್ಲಿ ತಪ್ಪಿಲ್ಲ.

ಒಣಗಾಳಿ: ದ್ರಾವಣದಲ್ಲಿ ನೀರಿದೆ. ಆ ಲವಣ ಗಾಳಿಯ ತೇವವನ್ನು ಹೀರುತ್ತದೆ.

ನೀಲಿಗಾಜು: ಲವಣವನ್ನು ನಿರ್ವಾತದಲ್ಲಿ ಒಣಗಿಸಿಯೇ ಬಳಸಿದ್ದೇನೆ.

ಒಣಗಾಳಿ: ಲವಣ ಒಣಗಿದರೆ ಸಾಲದು, ದ್ರಾವಕವೂ ಒಣಗಿರಬೇಕು. ಆರ್ಗಾನ್ ತುಂಬಿದ ನನ್ನ ಗ್ಲೋವ್ ಬಾಕ್ಸ್‌ನಲ್ಲಿ (ಕೈಗವಸುಗಳ ಮೂಲಕ ಒಳಗೆ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆ) ತೇವವು ಹತ್ತು ಲಕ್ಷಕ್ಕೆ ಒಂದು ಭಾಗವನ್ನೂ ಮುಟ್ಟುವುದಿಲ್ಲ.

ಬೆಳ್ಳಿತಂತಿ: ಗ್ಲೋವ್ ಬಾಕ್ಸ್‌ನ ವರ್ಣನೆಯನ್ನು ಈ ತಿಂಗಳಲ್ಲಿ ಮೂರನೆಯ ಸಲ ಓದುತ್ತಿದ್ದೇವೆ. ವೋಲ್ಟೇಜನ್ನು ಯಾವ ಆಧಾರ ವಿದ್ಯುದ್ವಾರಕ್ಕೆ (ಅಳತೆಗೆ ಸ್ಥಿರ ಸೊನ್ನೆಯಂತಿರುವ ವಿದ್ಯುದ್ವಾರ) ಹೋಲಿಸಿ ಅಳೆದಿರಿ? ಬರಿಯ ಬೆಳ್ಳಿ ತಂತಿಯಾದರೆ ಅದರ ವೋಲ್ಟೇಜೇ ದಿನದಿಂದ ದಿನಕ್ಕೆ ಸರಿಯುತ್ತದೆ.

ಒಣಗಾಳಿ: ತಂತಿ ಸರಿದರೂ ನೀರು ನೀರೇ.

ಕುಲುಮೆ: ಪದರವನ್ನು ಎಷ್ಟು ಬಿಸಿಯಲ್ಲಿ, ಯಾವ ಅನಿಲದಲ್ಲಿ ಕಾಯಿಸಿದಿರಿ ಎಂಬುದನ್ನು ಯಾರೂ ಕೇಳಲಿಲ್ಲವಲ್ಲ!

ನೀಲಿಗಾಜು: ಎಲ್ಲರೂ ಮಾಡುವಂತೆ 500 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೆರೆದ ಗಾಳಿಯಲ್ಲಿ, ಒಂದು ಗಂಟೆ. ಅದನ್ನು ಬೇರೆ ಹೇಳಬೇಕೆ?

ಕುಲುಮೆ: ಹೇಳಲೇಬೇಕಿತ್ತು. ಅಷ್ಟು ಬಿಸಿಯ ಗಾಳಿಯಲ್ಲಿ ನ್ಯಾನೊಮೀಟರ್‌ಗಳಷ್ಟು ತೆಳುವಾದ ಇಂಗಾಲ ಉರಿದು ಇಂಗಾಲದ ಡೈಆಕ್ಸೈಡ್ ಆಗಿ ಹೋಗಿರುತ್ತದೆ. ನೀವು ಹೋಲಿಸಿದ್ದು ಇಂಗಾಲವಿಲ್ಲದ ಎರಡು ಗಾಜುಗಳನ್ನು. ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನ್ ಕೂಡ ಬೆಳಕಿನ ಸುಮಾರು 2.3 ಶೇಕಡಾ ಹೀರುವುದರಿಂದ, ಇಂಗಾಲ ಮಾತ್ರ ಹಚ್ಚಿದ ಗಾಜೊಂದನ್ನು ಹಾಗೆಯೇ ಕಾಯಿಸಿ, ಮೊದಲೂ ಆಮೇಲೂ ಪಾರದರ್ಶಕತೆಯನ್ನು ಅಳೆದರೆ ಗುಟ್ಟು ಬಯಲಾಗುತ್ತದೆ. ಬಿಸಿಯನ್ನು 300 ಡಿಗ್ರಿಗಿಂತ ಕೆಳಗಿಡಿ: ಆಕ್ಸೈಡ್ ಅಸ್ಫಟಿಕವಾಗಿ (ಪರಮಾಣುಗಳು ಹರಳಿನಂತೆ ಸಾಲುಗಟ್ಟದೆ) ಉಳಿಯುತ್ತದೆ, ಬಣ್ಣಕ್ಕೂ ಅದೇ ಒಳ್ಳೆಯದು. ಉಳಿದುಬಿಡುವ ನೀಲಿಯ ಕಥೆ ಬೇರೆ. ಅದು ಆಕ್ಸೈಡ್‌ನೊಳಗೆ ಸಿಕ್ಕಿಬಿದ್ದ ಲಿಥಿಯಂ ಅಯಾನುಗಳದ್ದಿರಬಹುದು. ಏರಿಳಿತವಿಲ್ಲದೆ ಒಂದೇ ಪ್ರಮಾಣದ ವಿದ್ಯುತ್ ಪ್ರವಾಹ ಹರಿಸಿ ಅವನ್ನು ಬಿಡಿಸಬಹುದೆಂದು ಸ್ವೀಡನ್‌ನ ಉಪ್ಸಾಲಾ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದ್ದಾರೆ. ಇಂಗಾಲದಿಂದ ಆ ಕೆಲಸವನ್ನು ನಿರೀಕ್ಷಿಸಬೇಡಿ.

ನೀಲಿಗಾಜು: ಅಳೆದೆ. ಕಾಯಿಸಿದ ಮೇಲೆ ಬರಿಯ ಗಾಜಿನಷ್ಟೇ ತಿಳಿಯಾಗಿದೆ. 250 ಡಿಗ್ರಿಯಲ್ಲಿ ಹೊಸದನ್ನು ಮಾಡುತ್ತೇನೆ.

ಒಣಗಾಳಿ: ದ್ರಾವಕವನ್ನು ಒಣಗಿಸಿದಿರಾ ಎಂಬುದಕ್ಕೆ ಇನ್ನೂ ಉತ್ತರ ಬಂದಿಲ್ಲ.