ಪದೇ ಪದೇ ಬಾಯಿ ಹುಣ್ಣು, ಜೊತೆಗೆ ಭೇದಿ: ಯಾರಿಗೆ ತೋರಿಸಬೇಕು?

ಪ್ರಶ್ನೆ (ಸದಸ್ಯೆ, ಸಕಲೇಶಪುರ): ನಮಸ್ಕಾರ ಡಾಕ್ಟ್ರೇ. ಮಗನಿಗೆ 22 ವರ್ಷ. ಬಾಯಲ್ಲಿ ಒಂದು ಹುಣ್ಣು ಮಾಯುವಷ್ಟರಲ್ಲಿ ಇನ್ನೊಂದು ಏಳುತ್ತದೆ. ಉಷ್ಣ ಅಂತ ಎಳನೀರು ಕೊಟ್ಟೆವು, ಬಿ ಕಾಂಪ್ಲೆಕ್ಸ್ ಮಾತ್ರೆಯೂ ಆಯಿತು. ಈಗ ತುಟಿ ಬೇರೆ ಊದಿಕೊಂಡಿದೆ. ಆಗಾಗ ಹೊಟ್ಟೆನೋವು, ಭೇದಿ. ತೂಕವೂ ಇಳಿದಿದೆ. ಹಾಸ್ಟೆಲ್ ಊಟದ ಪ್ರಭಾವ ಅಂದುಕೊಂಡಿದ್ದೇವೆ. ಹಲ್ಲಿನ ಡಾಕ್ಟರಿಗೆ ತೋರಿಸಬೇಕೋ, ಹೊಟ್ಟೆಯವರಿಗೋ?

ಉತ್ತರ (ದಂತ ವೈದ್ಯರು, ಹಾಸನ): ಮೊದಲು ಹೊಟ್ಟೆಯವರಿಗೆ ತೋರಿಸಿ ಅಮ್ಮ. ಬರೀ ಹುಣ್ಣಾಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಬಾಯಿ ಹುಣ್ಣು ಯಾರಿಗೆ ಬಂದಿಲ್ಲ ಹೇಳಿ? ಸಾಮಾನ್ಯವಾಗಿ ಎರಡು ವಾರದೊಳಗೆ ಮಾಯುತ್ತದೆ. ಆದರೆ ತುಟಿ ಊತ, ಭೇದಿ, ತೂಕ ಇಳಿಯುವುದು ಎಲ್ಲ ಸೇರಿದರೆ ಕ್ರೋನ್ಸ್ ಕಾಯಿಲೆ ಇದೆಯಾ ಅಂತ ನೋಡಲೇಬೇಕು. ಅದು ಕರುಳಿನ ಉರಿಯೂತದ ಕಾಯಿಲೆ. ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು. ಕೆಲವರಲ್ಲಿ ಹೊಟ್ಟೆಗಿಂತ ಮೊದಲು ಬಾಯಲ್ಲೇ ಸುಳಿವು ಸಿಗುತ್ತದೆ.

ಟಾರ್ಚ್ ಹಾಕಿ ಅವನ ಕೆನ್ನೆಯ ಒಳಗೆ ನೋಡಿ. ಕಲ್ಲು ಹಾಸಿದ ಹಾಗೆ ಉಬ್ಬು ತಗ್ಗು ಇದೆಯಾ? ಕೆನ್ನೆ ಮತ್ತು ವಸಡು ಸೇರುವ ಸಂದಿಯಲ್ಲಿ ಸೀಳಿದಂಥ ಉದ್ದನೆಯ ಹುಣ್ಣು ಇದೆಯಾ? ಇದ್ದರೆ ಅನುಮಾನ ಜಾಸ್ತಿಯಾಗುತ್ತದೆ. ಬಾಯಿಯ ಮೂಲೆ ಬಿರಿಯುವುದು, ನಾಲಿಗೆ ಕೆಂಪಾಗಿ ನುಣುಪಾಗುವುದು ಕಬ್ಬಿಣಾಂಶ ಅಥವಾ ಬಿ12 ಕೊರತೆಯಿಂದಲೂ ಆಗುತ್ತದೆ. ಬಿ12 ರಕ್ತಕ್ಕೆ ಸೇರುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ಕ್ರೋನ್ಸ್ ಹೆಚ್ಚಾಗಿ ಕೂರುವುದೂ ಅಲ್ಲೇ. ಹಾಗಾಗಿ ಸುಮ್ನೆ ಬಿ ಕಾಂಪ್ಲೆಕ್ಸ್ ನುಂಗುತ್ತಾ ಕಾಯಬೇಡಿ.

ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ನ ಮೆಡಿಸಿನ್ ಓಪಿಡಿಯಿಂದ ಶುರು ಮಾಡಿದರೂ ಆಯಿತು. ರಕ್ತ ಪರೀಕ್ಷೆ, ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ (ಕರುಳಿನ ಉರಿಯೂತದ ಸುಳಿವು ಕೊಡುವ ಪರೀಕ್ಷೆ), ಆಮೇಲೆ ಬೇಕಿದ್ದರೆ ಕೊಲೊನೋಸ್ಕೋಪಿ, ಅಂದರೆ ಗುದದ ಮೂಲಕ ಕ್ಯಾಮೆರಾ ಕೊಳವೆ ಹಾಕಿ ಕರುಳು ನೋಡಿ, ಚೂರು ತೆಗೆದು ಪರೀಕ್ಷಿಸುತ್ತಾರೆ. ಅದಕ್ಕೆ ಹೆದರಬೇಡಿ. ನಮ್ಮ ದೇಶದಲ್ಲಿ ಕರುಳಿನ ಟಿಬಿಯೂ ಹೆಚ್ಚುಕಮ್ಮಿ ಹೀಗೇ ಕಾಣುತ್ತದೆ. ಟಿಬಿ ಇದ್ದವರಿಗೆ ಕ್ರೋನ್ಸ್ ಅಂತ ಸ್ಟೀರಾಯ್ಡ್ ಕೊಟ್ಟರೆ ಟಿಬಿ ಕೆರಳುತ್ತದೆ, ಅದಕ್ಕೇ ಯಾವುದು ಅಂತ ಮೊದಲು ಖಚಿತ ಮಾಡಿಕೊಳ್ಳಬೇಕು.

ಇನ್ನೊಂದು ಮಾತು. ಹಲ್ಲುನೋವಿಗೆ ಮೆಡಿಕಲ್‌ನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ಕೊಡಬೇಡಿ. ಕರುಳಿನ ಉರಿಯೂತ ಇರುವವರಿಗೆ ಅವು ತೊಂದರೆ ಹೆಚ್ಚಿಸಬಹುದು. ಪ್ಯಾರಾಸಿಟಮಾಲ್ ವಾಸಿ.

ಸದಸ್ಯೆ: ಅಲ್ಲಿಯವರೆಗೆ ದೊಡ್ಡಪತ್ರೆ ತಂಬುಳಿ ಕೊಡಬಹುದಾ?

ಉತ್ತರ: ಕೊಡಿ, ಖಾರ ಬೇಡ. ಬಿಸಿ ಅಕ್ಕಿ ರೊಟ್ಟಿ ಗಟ್ಟಿಯಾಗಿದ್ದರೆ ಹುಣ್ಣಿಗೆ ತಾಗುತ್ತದೆ, ಗಂಜಿ ಮೇಲು. ನೊರೆ ಬರಿಸುವ ಎಸ್‌ಎಲ್‌ಎಸ್ ಇಲ್ಲದ ಪೇಸ್ಟ್ ಕೂಡ ಕೆಲವರಿಗೆ ಹಿತ.

ಸದಸ್ಯ (ಕೊಪ್ಪ): ನನಗೂ ಖಾರ ತಿಂದರೆ ಬಾಯೆಲ್ಲ ಉರಿ ಸಾರ್. ಹೊಟ್ಟೆ ಸರಿಯಾಗಿದೆ. ಎಲೆ ಅಡಿಕೆ ಅಭ್ಯಾಸ ಇದೆ. ಇದೂ ಅದೇನಾ?

ಉತ್ತರ: ಅದಾಗಿರುವುದು ಕಷ್ಟ. ನಿಮ್ಮ ಬಾಯಿ ಉರಿ ಅಡಿಕೆ ಅಗಿಯುವುದರಿಂದ ಬಂದಿರಬಹುದು. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹೋಗುತ್ತಾ ನೋಡಿ. ಹೋಗದಿದ್ದರೆ ಬಾಯಿ ಬಿಗಿಯುತ್ತಿದೆ ಅಂತ ಅರ್ಥ. ತೋಟದಲ್ಲಿ ಅಡಿಕೆ ಬೆಳೆಯಿರಿ, ಅಗಿಯುವುದನ್ನು ಮಾತ್ರ ಇವತ್ತೇ ಬಿಡಿ. ಈ ವಾರವೇ ಯಾರಾದರೂ ದಂತ ವೈದ್ಯರಿಗೆ ತೋರಿಸಿ. ಮೂರು ವಾರವಾದರೂ ಮಾಯದ ಹುಣ್ಣು ಇದ್ದರೆ ಅದನ್ನೂ ಮರೆಯದೆ ಹೇಳಿ, ಬಯಾಪ್ಸಿ (ಚೂರು ತೆಗೆದು ಪರೀಕ್ಷಿಸುವುದು) ಬೇಕಾಗಬಹುದು.