ಸ್ತ್ರೀರೋಗ ಶಸ್ತ್ರಚಿಕಿತ್ಸೆಗೆ ಮುನ್ನ ಚರ್ಮಶುದ್ಧಿ: ಯಾವ ದ್ರಾವಣ, ಯಾವ ಜಾಗಕ್ಕೆ?

ಪ್ರಶ್ನೆ: ಶುಶ್ರೂಷಾಧಿಕಾರಿ, ಕರಾವಳಿಯ ಒಂದು ತಾಲ್ಲೂಕು ಆಸ್ಪತ್ರೆ

ಎಲ್ಲರಿಗೂ ನಮಸ್ಕಾರ. ನಾನು ನಮ್ಮ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯ ಹೊಣೆ ನೋಡಿಕೊಳ್ಳುತ್ತಿದ್ದೇನೆ. ಹೊಟ್ಟೆ ತೆರೆದು ಗರ್ಭಕೋಶ ತೆಗೆಯುವುದಿರಲಿ, ಜಾರಿದ ಗರ್ಭಕೋಶವನ್ನು ಯೋನಿಮಾರ್ಗದಿಂದ ತೆಗೆಯುವುದಿರಲಿ, ಇಷ್ಟು ವರ್ಷ ಎಲ್ಲಕ್ಕೂ ಶೇ. 10ರ ಪೊವಿಡೋನ್ ಅಯೋಡಿನ್ ಎಂಬ ಕ್ರಿಮಿನಾಶಕ ದ್ರಾವಣವೊಂದನ್ನೇ ಬಳಸುತ್ತಿದ್ದೆವು. ಈಗ ಶೇ. 70 ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಶೇ. 2 ಕ್ಲೋರ್‌ಹೆಕ್ಸಿಡಿನ್ ಎಂಬ ಇನ್ನೊಂದು ಕ್ರಿಮಿನಾಶಕ ಇರುವ ದ್ರಾವಣದ ಬಾಟಲಿಗಳು ಬಂದಿವೆ. ಹೊಸದಾಗಿ ಬಂದಿರುವ ಸರ್ಜನ್ ಹೊಟ್ಟೆಗೆ ಇದನ್ನೇ ಬಳಸಲು ಹೇಳಿದ್ದಾರೆ. ಆದರೆ ಮೊನ್ನೆ ಸಹೋದ್ಯೋಗಿಯೊಬ್ಬರು, ಒಂದೇ ಬಾಟಲಿ ಸಾಕಲ್ಲ ಎಂದು ಯೋನಿಯ ಶುದ್ಧಿಗೂ ಅದನ್ನೇ ಬೌಲಿಗೆ ಸುರಿಯಲು ಹೊರಟಾಗ ನಾನು ತಡೆದೆ. ತಡೆದದ್ದು ಸರಿ ಎಂದು ಮನಸ್ಸು ಹೇಳುತ್ತದೆ, ಆದರೆ ಕಾರಣವನ್ನು ಬಿಡಿಸಿ ಹೇಳಲು ನನಗೆ ಆಗಲಿಲ್ಲ. ಇದರ ಜೊತೆಗೆ ಮುಂದಿನ ವಾರದ ಪಟ್ಟಿಯಲ್ಲಿರುವ ಒಬ್ಬ ರೋಗಿಗೆ ಸೀಗಡಿ ತಿಂದರೆ ಮೈಯೆಲ್ಲ ದದ್ದು ಏಳುತ್ತದೆಯಂತೆ. ಅವರ ಕೇಸ್ ಶೀಟಿನಲ್ಲಿ ಯಾರೋ ಕೆಂಪು ಶಾಯಿಯಲ್ಲಿ ‘ಅಯೋಡಿನ್ ಅಲರ್ಜಿ’ ಎಂದು ಬರೆದಿದ್ದಾರೆ. ಅವರಿಗೆ ಯಾವುದನ್ನು ಬಳಸಬೇಕು? ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ 1: ಸ್ತ್ರೀರೋಗ ತಜ್ಞೆ, ವೈದ್ಯಕೀಯ ಕಾಲೇಜಿನ ಅಧ್ಯಾಪಕಿ

ಸಿಸ್ಟರ್, ನೀವು ಕೈ ತಡೆದದ್ದು ಸರಿಯೇ. ಶೇ. 70ರ ಆಲ್ಕೊಹಾಲ್ ಇರುವ ಯಾವ ದ್ರಾವಣವನ್ನೂ ಯೋನಿಯೊಳಗೆ ಬಳಸಬಾರದು. ಹೊಟ್ಟೆಯ ಚರ್ಮದ ಮೇಲೆ ಸತ್ತ ಕೋಶಗಳ ಗಟ್ಟಿ ಪದರವೊಂದು ಕವಚದಂತಿರುತ್ತದೆ. ಯೋನಿಯ ಒಳಪೊರೆಗೆ ಆ ಕವಚವಿಲ್ಲ, ಅದು ತೇವವಾಗಿಯೇ ಇರುತ್ತದೆ, ಹಾಗಾಗಿ ಅಲ್ಲಿ ಆಲ್ಕೊಹಾಲ್ ಆರುವುದೂ ಇಲ್ಲ, ಪೊರೆಯನ್ನು ಸುಡದೆ ಬಿಡುವುದೂ ಇಲ್ಲ.

ಹೊಟ್ಟೆಗೆ ಆಲ್ಕೊಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನನ್ನು ಕೇಳುವುದಕ್ಕೆ ಆಧಾರವಿದೆ. 2010ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ, 849 ರೋಗಿಗಳ ಒಂದು ಅಧ್ಯಯನದಲ್ಲಿ ಗಾಯದ ಸೋಂಕು ಈ ದ್ರಾವಣ ಬಳಸಿದವರಲ್ಲಿ ಶೇ. 9.5, ಪೊವಿಡೋನ್ ಅಯೋಡಿನ್ ಬಳಸಿದವರಲ್ಲಿ ಶೇ. 16.1 ಇತ್ತು. ಆದರೆ ಅದನ್ನು ಓದುವಾಗ ಒಂದು ಮಾತನ್ನು ಮರೆಯಬಾರದು: ಒಂದು ಕಡೆ ಆಲ್ಕೊಹಾಲ್ ಇತ್ತು, ಇನ್ನೊಂದು ಕಡೆ ಇದ್ದದ್ದು ನೀರಿನ ದ್ರಾವಣ. ಗೆದ್ದದ್ದು ಕ್ಲೋರ್‌ಹೆಕ್ಸಿಡಿನೋ ಆಲ್ಕೊಹಾಲೋ ಎಂದು ಅದರಿಂದ ಬೇರ್ಪಡಿಸಿ ಹೇಳಲಾಗದು. 2016ರಲ್ಲಿ ಸಿಸೇರಿಯನ್ ಆದ 1147 ಮಹಿಳೆಯರಲ್ಲಿ ಎರಡೂ ಕಡೆ ಆಲ್ಕೊಹಾಲ್ ಇಟ್ಟು ಹೋಲಿಸಿದಾಗ ಸೋಂಕು ಕ್ಲೋರ್‌ಹೆಕ್ಸಿಡಿನ್ ಗುಂಪಿನಲ್ಲಿ ಶೇ. 4.0, ಅಯೋಡಿನ್ ಗುಂಪಿನಲ್ಲಿ ಶೇ. 7.3 ಎಂದು ಕಂಡುಬಂದಿತು. ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿಯೂ ಚರ್ಮಕ್ಕೆ ಆಲ್ಕೊಹಾಲ್ ಆಧಾರಿತ ಕ್ಲೋರ್‌ಹೆಕ್ಸಿಡಿನನ್ನೇ ಶಿಫಾರಸು ಮಾಡುತ್ತದೆ. ಆದರೆ 2024ರಲ್ಲಿ ಬಂದ, ಹೃದಯ ಮತ್ತು ಹೊಟ್ಟೆಯ ಶಸ್ತ್ರಚಿಕಿತ್ಸೆಗಳ ದೊಡ್ಡ ಅಧ್ಯಯನದಲ್ಲಿ ಆಲ್ಕೊಹಾಲ್ ಬೆರೆತ ಪೊವಿಡೋನ್ ಅಯೋಡಿನ್ ಏನೂ ಹಿಂದೆ ಬೀಳಲಿಲ್ಲ. ಆದ್ದರಿಂದ ಹೊಸ ಬಾಟಲಿ ಮುಗಿದುಹೋದ ದಿನ ಶಸ್ತ್ರಚಿಕಿತ್ಸೆಯನ್ನೇ ಮುಂದೂಡುವಷ್ಟು ಗಾಬರಿ ಬೇಡ.

ಯೋನಿಗೆ ನಮ್ಮ ಹಳೆಯ ಪೊವಿಡೋನ್ ಅಯೋಡಿನ್ನೇ ಮೊದಲ ಆಯ್ಕೆ. ಅದು ಆಗದಿದ್ದರೆ, ಆಲ್ಕೊಹಾಲ್ ಅಂಶ ಶೇ. 4ರಷ್ಟು ಮಾತ್ರ ಇರುವ ಶೇ. 4ರ ಕ್ಲೋರ್‌ಹೆಕ್ಸಿಡಿನ್ ಗ್ಲುಕೊನೇಟನ್ನು ಬಳಸಬಹುದು ಎಂದು ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಕಾಲೇಜು 2013ರಲ್ಲಿ ಅಭಿಪ್ರಾಯ ಕೊಟ್ಟಿದೆ. ತಯಾರಕರ ಲೇಬಲಿನಲ್ಲಿ ಜನನಾಂಗಕ್ಕೆ ಬಳಸಬೇಡಿ ಎಂದೇ ಇರಬಹುದು. ಆಗ ಆ ನಿರ್ಧಾರವನ್ನು ಸರ್ಜನ್ ತೆಗೆದುಕೊಂಡು ಬರವಣಿಗೆಯಲ್ಲಿ ಕೊಡಬೇಕೇ ಹೊರತು ಸಿಸ್ಟರ್ ತಮ್ಮ ಮೇಲೆ ಎಳೆದುಕೊಳ್ಳಬಾರದು. ಇನ್ನೊಂದು ವಿಷಯ: ಹೊಟ್ಟೆಯ ಮೂಲಕ ಗರ್ಭಕೋಶವನ್ನು ಪೂರ್ತಿಯಾಗಿ ತೆಗೆಯುವಾಗಲೂ ಕೊನೆಗೆ ಯೋನಿಯ ಮೇಲ್ತುದಿಯನ್ನು ಕತ್ತರಿಸಲೇಬೇಕು, ಅಲ್ಲಿನ ಸೂಕ್ಷ್ಮಜೀವಿಗಳಿಗೆ ಹೊಟ್ಟೆಯೊಳಕ್ಕೆ ಬಾಗಿಲು ತೆರೆಯುವುದು ಆ ಕ್ಷಣದಲ್ಲಿಯೇ. ಆದ್ದರಿಂದ ಅಂಥವರಿಗೂ ಯೋನಿ ಶುದ್ಧಿ ತಪ್ಪಿಸುವಂತಿಲ್ಲ. ಪೊವಿಡೋನ್ ಅಯೋಡಿನ್ನಿನ ಶಕ್ತಿ ರಕ್ತ ಮತ್ತು ಲೋಳೆಯ ಸಂಪರ್ಕದಲ್ಲಿ ಕುಗ್ಗುತ್ತದೆ. ಒಳಗಿನ ಸ್ರಾವವನ್ನು ಮೊದಲು ಒರೆಸಿ ತೆಗೆದು, ಆಮೇಲೆ ದ್ರಾವಣ ಹಚ್ಚಿ.

ಉತ್ತರ 2: ಅರಿವಳಿಕೆ ತಜ್ಞ

ಮೇಡಂ ಹೇಳಿದ್ದಕ್ಕೆ ನನ್ನದು ಬೆಂಕಿಯ ಮಾತನ್ನು ಸೇರಿಸುವ ಕೆಲಸ. ಆಲ್ಕೊಹಾಲ್ ಇರುವ ದ್ರಾವಣ ಹಚ್ಚಿದ ಮೇಲೆ ಕೂದಲಿಲ್ಲದ ಚರ್ಮ ಆರಲು ಕನಿಷ್ಠ 3 ನಿಮಿಷ ಬೇಕು. ಕೂದಲಿರುವ ಜಾಗದಲ್ಲಿ ಒಂದು ಗಂಟೆಯವರೆಗೂ ಹಿಡಿಯಬಹುದು. ಆರುವ ಮುನ್ನ ಬಟ್ಟೆ ಹೊದಿಸಿದರೆ ಆವಿ ಅದರಡಿಯಲ್ಲೇ ನಿಲ್ಲುತ್ತದೆ, ಡಯಾಥರ್ಮಿಯ (ವಿದ್ಯುತ್ತಿನ ಶಾಖದಿಂದ ಕತ್ತರಿಸುವ, ರಕ್ತ ನಿಲ್ಲಿಸುವ ಉಪಕರಣ) ಒಂದು ಕಿಡಿ ತಗುಲಿದರೆ ಸಾಕು, ಬೆಂಕಿ ಹೊತ್ತಿಕೊಳ್ಳುತ್ತದೆ. ಆ ಜ್ವಾಲೆ ಶಸ್ತ್ರಚಿಕಿತ್ಸಾ ಕೊಠಡಿಯ ಬೆಳಕಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಹೊಕ್ಕುಳಲ್ಲಿ, ತೊಡೆಯ ಸಂದಿಯಲ್ಲಿ, ಸೊಂಟದ ಕೆಳಗೆ ನಿಂತ ದ್ರಾವಣವನ್ನು ಒಣ ಗಾಜ್ ಬಟ್ಟೆಯಿಂದ ಹೀರಿಸಿಯೇ ಮುಂದುವರಿಯಿರಿ. ನೀರಿನ ಪೊವಿಡೋನ್ ಅಯೋಡಿನ್ ಬೆಂಕಿ ಹಿಡಿಯದು, ನಿಜ. ಆದರೆ ಕಾಲುಗಳನ್ನು ಮೇಲೆತ್ತಿ ಮಲಗಿಸಿದಾಗ ಅದು ಹರಿದು ಪೃಷ್ಠದಡಿ ನಿಂತು, ಗಂಟೆಗಟ್ಟಲೆ ಒತ್ತಡದಲ್ಲಿದ್ದರೆ ಚರ್ಮ ಸುಡುತ್ತದೆ. ಶುದ್ಧಿ ಮಾಡುವಾಗ ಅಡಿಯಲ್ಲಿ ಒಂದು ಹೀರು ಬಟ್ಟೆ ಹಾಸಿ, ಮುಗಿದ ಕೂಡಲೇ ಅದನ್ನು ಎಳೆದು ತೆಗೆಯಿರಿ.

ಸೀಗಡಿಯ ರೋಗಿಯ ವಿಷಯ. ಸೀಗಡಿಯ ಅಲರ್ಜಿ ಬರುವುದು ಅದರ ಮಾಂಸದ ಪ್ರೋಟೀನಿನಿಂದ, ಅಯೋಡಿನ್ನಿನಿಂದ ಅಲ್ಲ. ಅವರು ಮನೆಯಲ್ಲಿ ದಿನವೂ ಅಯೋಡಿನ್ ಉಪ್ಪನ್ನೇ ಉಣ್ಣುತ್ತಿರಬೇಕಲ್ಲವೇ? ಹಿಂದೆ ಪೊವಿಡೋನ್ ಅಯೋಡಿನ್ ಹಚ್ಚಿದಾಗಲೇ ತುರಿಕೆ, ದದ್ದು ಬಂದಿತ್ತೇ ಎಂದು ಕೇಳಿ. ಬಂದಿರದಿದ್ದರೆ ಆ ಕೆಂಪು ಶಾಯಿಯ ಸಾಲನ್ನು ವೈದ್ಯರಿಂದಲೇ ತಿದ್ದಿಸಿ, ‘ಸೀಗಡಿ ಅಲರ್ಜಿ’ ಎಂದು ಬರೆಸಿ. ಇಲ್ಲವಾದರೆ ಅದು ಅವರ ಜೀವಮಾನವಿಡೀ ಕಡತದಿಂದ ಕಡತಕ್ಕೆ ಸಾಗುತ್ತದೆ. ವಾಸ್ತವವಾಗಿ ನಾನು ಹೆಚ್ಚು ಅಂಜುವುದು ಕ್ಲೋರ್‌ಹೆಕ್ಸಿಡಿನ್ ಅಲರ್ಜಿಗೆ. ಬ್ರಿಟನ್ನಿನಲ್ಲಿ 2018ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಶಸ್ತ್ರಚಿಕಿತ್ಸೆಯ ವೇಳೆಯ ತೀವ್ರ ಅಲರ್ಜಿಗೆ ಆ್ಯಂಟಿಬಯೋಟಿಕ್ ಮತ್ತು ಸ್ನಾಯು ಸಡಿಲಿಸುವ ಔಷಧಗಳ ನಂತರದ ಸ್ಥಾನ ಕ್ಲೋರ್‌ಹೆಕ್ಸಿಡಿನ್ನಿನದು. ಮೂತ್ರನಾಳಕ್ಕೆ ಕ್ಯಾಥೆಟರ್ ಹಾಕುವಾಗ ಬಳಸುವ ಕೆಲವು ಜೆಲ್‌ಗಳಲ್ಲೂ ಅದಿರುತ್ತದೆ ಎನ್ನುವುದು ಬಹಳ ಜನರ ಗಮನಕ್ಕೆ ಬರುವುದಿಲ್ಲ.

ಉತ್ತರ 3: ಸೋಂಕು ನಿಯಂತ್ರಣ ಶುಶ್ರೂಷಕಿ

ಅಕ್ಕಾ, ದ್ರಾವಣ ಎಷ್ಟೇ ಒಳ್ಳೆಯದಿದ್ದರೂ ಬಾಟಲಿ ಕೆಟ್ಟರೆ ಎಲ್ಲವೂ ಕೆಟ್ಟಂತೆ. ಅರ್ಧ ಖಾಲಿಯಾದ ಬಾಟಲಿಗೆ ಮೇಲಿಂದ ಮೇಲೆ ತುಂಬಿಸುವ ಅಭ್ಯಾಸವನ್ನು ಮೊದಲು ನಿಲ್ಲಿಸಿ. ಕ್ರಿಮಿ ಕೊಲ್ಲುವ ದ್ರಾವಣದಲ್ಲಿ ಕ್ರಿಮಿ ಬದುಕೀತೇ ಎಂದು ಕೇಳುವವರಿಗೆ ನಾನು ಹೇಳುವುದು 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ನಡೆದದ್ದನ್ನು: ಅಲ್ಲಿ ಪೊವಿಡೋನ್ ಅಯೋಡಿನ್ ದ್ರಾವಣದಲ್ಲೇ ಸ್ಯೂಡೊಮೊನಾಸ್ ಜಾತಿಯ ಬ್ಯಾಕ್ಟೀರಿಯಾ ಜೀವಂತವಾಗಿ ಸಿಕ್ಕಿತ್ತು. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ.

ಬಣ್ಣವಿಲ್ಲದ ದ್ರಾವಣವನ್ನು ಹೆಸರು ಬರೆಯದ ಬೌಲಿನಲ್ಲಿ ಎಂದಿಗೂ ಇಡಬೇಡಿ. 2010ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಹೆರಿಗೆಗೆ ಬಂದಿದ್ದ ಮಹಿಳೆಯೊಬ್ಬರಿಗೆ ಬೆನ್ನಿನ ಅರಿವಳಿಕೆಯ ಜಾಗಕ್ಕೆ ಸಲೈನ್ ಬದಲು ಕ್ಲೋರ್‌ಹೆಕ್ಸಿಡಿನ್ ಚುಚ್ಚಲ್ಪಟ್ಟು, ಅವರ ನರಮಂಡಲಕ್ಕೆ ಶಾಶ್ವತ ಹಾನಿಯಾಯಿತು. ಹೆಸರಿಲ್ಲದ ಬೌಲಿನಲ್ಲಿ ಇಂಥ ಅದಲುಬದಲು ಸುಲಭ. ನಿಮ್ಮಲ್ಲಿ ಹೊಟ್ಟೆಗೊಂದು, ಯೋನಿಗೊಂದು ದ್ರಾವಣ ಬಂದ ಮೇಲೆ ಟ್ರೇಗಳೂ ಎರಡಾಗಬೇಕು, ಸ್ಪಂಜ್ ಹೋಲ್ಡರ್‌ಗಳೂ ಬೇರೆಯಾಗಬೇಕು. ಕೂದಲು ಅಡ್ಡ ಬಂದರೆ ಮಾತ್ರ ಕ್ಲಿಪ್ಪರಿನಿಂದ ಕತ್ತರಿಸಿ. ಬ್ಲೇಡಿನಿಂದ ಬೋಳಿಸುವುದು ಬೇಡ, ಕಣ್ಣಿಗೆ ಕಾಣದ ಗೀರುಗಳಲ್ಲೇ ಸೋಂಕು ಮನೆ ಮಾಡುತ್ತದೆ. ಸಾಬೂನಿನಿಂದ ತೊಳೆದಿದ್ದರೆ ಸಾಬೂನು ಪೂರ್ತಿ ಹೋಗಿರಬೇಕು, ಏಕೆಂದರೆ ಅದು ಕ್ಲೋರ್‌ಹೆಕ್ಸಿಡಿನ್ನನ್ನು ನಿಷ್ಕ್ರಿಯಗೊಳಿಸುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಎರಡು ಟ್ರೇಗಳ ವ್ಯವಸ್ಥೆಯನ್ನು ಇಂದೇ ಮಾಡಿಸಿದೆ. ಒಂದು ಸಂದೇಹ ಉಳಿದಿದೆ: ಮಗುವಿನ ಎದೆಬಡಿತ ಕುಸಿದು ತುರ್ತಾಗಿ ಸಿಸೇರಿಯನ್ ಮಾಡಬೇಕಾದಾಗ 3 ನಿಮಿಷ ಕಾಯಲು ಯಾರೂ ಒಪ್ಪುವುದಿಲ್ಲ. ಆಗ ಏನು ಮಾಡಬೇಕು?

ಉತ್ತರ 2ರ ಅರಿವಳಿಕೆ ತಜ್ಞ

ಕಾಯಲಾಗದ ಸಂದರ್ಭದಲ್ಲಿ ಆಲ್ಕೊಹಾಲ್ ಇರುವ ಬಾಟಲಿಯನ್ನು ಮುಟ್ಟಲೇಬೇಡಿ, ನೀರಿನ ಪೊವಿಡೋನ್ ಅಯೋಡಿನ್ ಬಳಸಿ. ಸೋಂಕು ಬಂದರೆ ಚಿಕಿತ್ಸೆ ಇದೆ. ಹಸಿ ಆಲ್ಕೊಹಾಲಿನ ಮೇಲೆ ಡಯಾಥರ್ಮಿ ಹಿಡಿಯುವ ಸಾಹಸಕ್ಕೆ ಹೋಗಬಾರದು. ತುರ್ತು ಟ್ರೇಯಲ್ಲಿ ಅದೊಂದೇ ದ್ರಾವಣ ಇರುವಂತೆ ಮುಂಚೆಯೇ ಜೋಡಿಸಿಟ್ಟರೆ, ಆ ಗಡಿಬಿಡಿಯಲ್ಲಿ ಯಾರೂ ಯೋಚಿಸುತ್ತ ನಿಲ್ಲಬೇಕಾಗಿಲ್ಲ.